ಕರೀ ಮಂಡೆ

ಎಸ್ಟೇಟಿನ ಲೆಕ್ಕ ಬರೆಯುವ ರೈಟರ ಎಡಗಣ್ಣಿನ ರೆಪ್ಪೆ ಮೇಲೆ ಕಡಲೆಕಾಳಿನಷ್ಟು ಗಂಟಿತ್ತು. ಅದರ ಭಾರಕ್ಕೆ ರೆಪ್ಪೆ ಅರ್ಧ ಮುಚ್ಚಿಯೇ ಇರುತ್ತಿತ್ತು. ಕಂಪ್ಯೂಟರ್ ಮುಂದೆ ಕೂತರೆ ಎಡಗೈ ಬೆರಳಿಂದ ರೆಪ್ಪೆ ಎತ್ತಿ ಹಿಡಿದುಕೊಂಡು, ಬಲಗೈ ಒಂದರಲ್ಲೇ ಟೈಪ್ ಮಾಡುತ್ತಿದ್ದ. ಎದುರಿಗೆ ನಾವೆಲ್ಲ ರೈಟ್ರೇ, ನೀವು ಅಂತಿದ್ದೆವು. ಈಗ ಸತ್ತಿದ್ದಾನೆ. ಅವನು ಅಂತಲೇ ಹೇಳುತ್ತೇನೆ.

ಬಾಳ್ಳುಪೇಟೆಯಿಂದ ಒಳಕ್ಕೆ ನಮ್ಮ ಕಾಫಿ ಎಸ್ಟೇಟ್. ಅಲ್ಲಿ ಕೂಲಿಯವರ ಸಾಲುಮನೆಗಳ ಲೈನಿನಲ್ಲಿ ಒಂದೇ ಗೋಡೆಯ ಈಚೆ ನಾನು, ಆಚೆ ನನ್ನ ತಂಗಿ. ಇಬ್ಬರ ಗಂಡಂದಿರೂ ಮೊದಲೇ ಹೋಗಿದ್ದರು. ತೋಟದ ಕೆಲಸದ ಜೊತೆ ಆಫೀಸು ಗುಡಿಸುವುದೂ ನನ್ನ ಪಾಲಿಗಿತ್ತು. ಹಾಗಾಗಿ ಅವನನ್ನು ಬೇರೆಯವರಿಗಿಂತ ಹೆಚ್ಚು ನೋಡಿದ್ದೇನೆ.

ಆನೆ ತೋಟದ ಎಷ್ಟನೇ ನಂಬರಿನ ಬ್ಲಾಕಿನಲ್ಲಿದೆ ಅಂತ ಸಂಜೆ ಫಾರೆಸ್ಟಿನವರಿಂದ ಅವನ ಫೋನಿಗೆ ಸುದ್ದಿ ಬರುತ್ತಿತ್ತು. ಲೈನಿನಲ್ಲಿ ನೆಟ್‌ವರ್ಕ್ ಇಲ್ಲ. ಅದಕ್ಕೆ ಒಂದು ಹಾಳೆಯಲ್ಲಿ ಎರಡು ಪಟ್ಟಿ ಮಾಡಿ ಸ್ಟೋರಿನ ಬಾಗಿಲಿಗೆ ಅಂಟಿಸುತ್ತಿದ್ದ. ಒಂದು, ಮಾರನೇ ದಿನ ಕೆಲಸ ಮಾಡಬೇಕಾದ ಬ್ಲಾಕುಗಳದು. ಇನ್ನೊಂದು, ಆನೆ ಇರುವ ಬ್ಲಾಕುಗಳದು. ಪಟ್ಟಿಯ ಮೇಲಿನ ಸಾಲಿಗೆ ಅವನು ಹೆಡ್ಡಿಂಗು ಅನ್ನುತ್ತಿದ್ದ, ನಾವು ಮಂಡೆ ಅನ್ನುತ್ತಿದ್ದೆವು. ನಮಗೆ ಅಕ್ಷರ ಬಾರದು. ಬಸ್ಸಿನ ನಂಬರು, ತೂಕದ ಮುಳ್ಳು ನೋಡಿ ನೋಡಿ ಅಂಕಿ ಬರುತ್ತಿತ್ತು. ಆನೆ ಪಟ್ಟಿಯ ಮಂಡೆಯಲ್ಲಿ ಅಕ್ಷರದ ಹಿಂದಿನ ಪಟ್ಟೆ ಕಪ್ಪಗಿರುತ್ತಿತ್ತು, ಕೆಲಸದ್ದು ಬೆಳ್ಳಗೆ. ಕರೀ ಮಂಡೆಯ ಕೆಳಗಿನ ಅಂಕಿ ನೋಡಿಕೊಂಡರೆ ಸಾಕು, ಆ ಕಡೆ ಕಾಲಿಡುತ್ತಿರಲಿಲ್ಲ.

ಅವನಿಗೆ ಅಂದದ ಹುಚ್ಚು ಹತ್ತಿದ್ದೇ ಕೆಟ್ಟದ್ದಾಯಿತು. ಒಂದು ದಿನ ಮಂಡೆಯ ಅಕ್ಷರ ದಪ್ಪ, ಮಾರನೇ ದಿನ ಸಣ್ಣ. ಒಂದು ಪಟ್ಟಿಯಲ್ಲಿ ನಡುವೆ, ಇನ್ನೊಂದರಲ್ಲಿ ಮೂಲೆಗೆ. ಇದನ್ನು ಸರಿ ಮಾಡಿದರೆ ಅದು ಕೆಡುತ್ತಿತ್ತು. ಕಂಪ್ಯೂಟರಿಗೆ ಬೈಯುತ್ತ ಕೂರುತ್ತಿದ್ದ. ಹೆಂಗಸರು ಬಾಗಿಲಲ್ಲಿ ಕಾಯುತ್ತಿದ್ದರೂ ತಿರುಗಿ ನೋಡುತ್ತಿರಲಿಲ್ಲ. ಜ್ವರದ ಮಗು ಎತ್ತಿಕೊಂಡು ಜೀಪು ಕೇಳಲು ಬಂದವಳಿಗೂ, "ತಡಿಯಮ್ಮ, ಹೆಡ್ಡಿಂಗು ಕೂರ್ತಾ ಇಲ್ಲ" ಅಂದಿದ್ದ. ಕೆಲವು ಸಲ ಎರಡೂ ಮಂಡೆಗಳು ಬೂದಿ ಬಣ್ಣಕ್ಕೆ ಬರುತ್ತಿದ್ದವು. ಆಗ ನಮ್ಮಿಂದ ಕೆಲಸ ಮಾಡಿಸುವ ಮೇಸ್ತ್ರಿ ಓದಿ ಹೇಳುತ್ತಿದ್ದ.

ನನ್ನ ತಂಗಿ ಬಾಯಿ ಜೋರಿನವಳು. ಒಂದು ಸಂಜೆ ಆಫೀಸಿನ ಮೆಟ್ಟಿಲಲ್ಲೇ ನಿಂತು ಕೇಳಿದಳು.

"ರೈಟ್ರೇ, ಆ ಕರೀ ಮಂಡೆನ ಆನೆಗೇ ಬುಟ್ಬುಡಿ. ದಿನಾ ಬದ್ಲಾಯಿಸಬ್ಯಾಡಿ. ನಮಗೆ ಗೊತ್ತಾಗಕಿಲ್ಲ."

ಅವನು ರೆಪ್ಪೆ ಎತ್ತಿ ಅವಳನ್ನು ನೋಡಿದ. "ಬಣ್ಣ ನೋಡ್ಕಂಡು ಮೇಯಕ್ಕೆ ಹೋಗಕ್ಕೆ ನೀವೇನ್ ದನಗಳೇನ್ರೇ?"

"ದನ ಆಗಿದ್ರೆ ಹಾಲಾದ್ರೂ ಕರ್ಕತಿದ್ರಿ. ನಮ್ಮನ್ನ ಬರೀ ಗೇಯಿಸ್ತೀರಿ."

ಎಲ್ಲರೂ ನಕ್ಕರು. ಅವನೂ ನಕ್ಕ. ಬಣ್ಣ ಮಾತ್ರ ಬದಲಾಯಿಸುತ್ತಲೇ ಇದ್ದ.

ಕಾಫಿ ಹಣ್ಣು ಬಿಡಿಸುವ ಕಾಲ. ಮೇಸ್ತ್ರಿ ನೆಂಟರ ಮದುವೆಗೆ ದೋಣಿಗಲ್ಲಿಗೆ ಹೋಗಿದ್ದ. ಬೆಳಿಗ್ಗೆ ತಂಗಿ ಹಾಳೆ ನೋಡಿ, ಬೆಳ್ಳನೆ ಮಂಡೆಯ ಕೆಳಗಿದ್ದ ಬ್ಲಾಕಿಗೆ ಹೆಂಗಸರನ್ನು ಕರೆದುಕೊಂಡು ಮುಂದೆ ಮುಂದೆ ನಡೆದಳು. ನಾನು ಕಣದಲ್ಲಿ ಕಾಫಿ ಹರಡುತ್ತಿದ್ದೆ. ಕೂಗು ಕೇಳಿ ಓಡುವ ಹೊತ್ತಿಗೆ ಮಿಕ್ಕವರೆಲ್ಲ ಓಡಿ ಬರುತ್ತಿದ್ದರು. ಅವಳು ಬರಲಿಲ್ಲ. ಗಿಡದ ಬುಡದಲ್ಲಿ ಸಿಕ್ಕಳು. ಮುಖ ಸರಿಯಾಗಿತ್ತು, ಅಷ್ಟೇ.

ಆ ರೈಟರ್ ಕಂಪ್ಯೂಟರಿನಲ್ಲಿ ಎಲ್ಲಿಂದಲೋ ಹಳೇ ಪಟ್ಟಿ ತಂದು ಹೊಸ ಹಾಳೆಗೆ ಹಾಕಿದ್ದನಂತೆ. ಕಪ್ಪು ಕೆಲಸದ ಪಟ್ಟಿಗೆ ಹೋಗಿ ಕೂತಿತ್ತು, ಆನೆ ಪಟ್ಟಿ ಬೆಳ್ಳಗಾಗಿತ್ತು. "ಬಣ್ಣ ತಪ್ಪಿದ್ದು ಕಂಡಿತ್ತು ಕಣಮ್ಮ" ಅಂತ ಆಮೇಲೆ ಅವನೇ ಹೇಳಿದ. "ಹೊಟ್ಟೆ ಹಸಿದಿತ್ತು. ನಾಳೆ ಸರಿ ಮಾಡಾಣ ಅಂತ ಹೊಂಟ್ಬುಟ್ಟೆ." ದಿನವೂ ಅದಕ್ಕೇ ಕೂತು ಜನರನ್ನು ಕಾಯಿಸುತ್ತಿದ್ದವನಿಗೆ ಅವತ್ತೊಂದು ದಿನ ಹಸಿವಾಯಿತು.

ಮಣ್ಣು ಮಾಡಿದ ಮೇಲೆ ಲೈನಿಗೆ ಬಂದ. ಕೈಯಲ್ಲಿ ಹಾಳೆ. ಕೂರಲಿಲ್ಲ, ಸಮಾಧಾನದ ಮಾತೂ ಆಡಲಿಲ್ಲ. ಹಾಳೆ ಬಿಡಿಸಿ ನನ್ನ ಮುಖಕ್ಕೆ ಹಿಡಿದ.

"ನೋಡು, ಈಗ ಎರಡಕ್ಕೂ ಒಂದೇ ಥರ ಹೆಡ್ಡಿಂಗು ಕೂರಿಸೀನಿ. ಇನ್ನು ಕೆಡಕಿಲ್ಲ. ಬಣ್ಣದ ತಾಪತ್ರಯನೇ ಇಲ್ಲ."

ನೋಡಿದೆ. ಎರಡೂ ಒಂದೇ ಬೂದಿ. ಯಾವುದು ಆನೆ, ಯಾವುದು ಕೆಲಸ, ದೇವರಿಗೇ ಗೊತ್ತು. ಅವನ ಮುಖದಲ್ಲಿ ಮಾತ್ರ, ಕೊನೆಗೂ ಗೆದ್ದೆ ಅನ್ನುವ ಕಳೆ.

"ನಮಗೆ ಗೊತ್ತಾಗದು ಹೆಂಗೆ?" ಅಂದೆ.

"ಓದ್ಬೇಕು. ಓದಕ್ಕೆ ಬರದೇ ಇದ್ರೆ ನಾನೇನ್ ಮಾಡ್ಲಿ?"

"ಕಲಿಸು ಹಂಗಾರೆ."

ಅವತ್ತಿಂದ ಅವನಿಗೆ 'ನೀವು' ಅನ್ನುವುದನ್ನು ಬಿಟ್ಟೆ. ಅವನು ಆಗಲ್ಲ ಅನ್ನಲಿಲ್ಲ. ಹೆದರಿದನೋ, ನಾಚಿದನೋ, ನಾನು ಕೇಳಲಿಲ್ಲ. ಕೆಲಸ ಮುಗಿದ ಮೇಲೆ ಸ್ಟೋರಿನ ಜಗಲಿಯಲ್ಲಿ ಸ್ಲೇಟು ಹಿಡಿದು ಕೂರುತ್ತಿದ್ದೆ. ಮೊದಲ ದಿನ 'ಅ' ಅಂದರೆ ಅರಸ ಅಂತ ಹೇಳಿಕೊಟ್ಟ. 'ಆ' ಬರೆದು ಬಳಪ ಕೆಳಗಿಟ್ಟ. ಮುಂದಿನದು ಏನು ಅಂತ ಹಳ್ಳಿಯ ಮಕ್ಕಳಿಗೂ ಗೊತ್ತು.

"ಆನೆ. ಹೇಳು, ಯಾಕೆ ನಿಂತೆ?" ಅಂದೆ.

"ಆನೆ" ಅಂದ.

"ಜೋರಾಗಿ ಹೇಳು, ಕಿವಿ ಕೇಳಕಿಲ್ಲ."

ಹೇಳಿಸಿದೆ. ಮತ್ತೆ ಮತ್ತೆ ಹೇಳಿಸಿದೆ. ಅವನೂ ಕಡಿಮೆಯವನಲ್ಲ. ತಪ್ಪಿದರೆ ಸ್ಕೇಲಿನಲ್ಲಿ ಗೆಣ್ಣಿಗೆ ಹೊಡೆಯುತ್ತಿದ್ದ. "ನಿನ್ ತಲೇಲಿ ಸಗಣಿ ತುಂಬೈತೆ" ಅನ್ನುತ್ತಿದ್ದ. ನನಗೆ ಹೊಡೆತ ಬೇಕಿತ್ತು. ಪ್ರೀತಿಯಿಂದ ಕಲಿಸಿದ್ದರೆ ಎದ್ದು ಬರುತ್ತಿದ್ದೆ.

ಆಮೇಲೆ ಅವನಿಗೆ ಸಕ್ಕರೆ ಕಾಯಿಲೆ ಜೋರಾಗಿ ಕಾಲು ತೆಗೆದರು. ನೋಡಲು ಹೋದೆ. "ನಿನ್ ತಂಗಿ ವಿಚಾರದಲ್ಲಿ ಇನ್ನೂ ಸಿಟ್ಟೈತಾ?" ಅಂತ ಕೇಳಿದ. ಸಾಯುವವನ ಮುಂದೆ ಸುಳ್ಳು ಯಾಕೆ ಹೇಳಲಿ? "ಐತೆ" ಅಂದೆ. ಗೋಡೆ ಕಡೆ ತಿರುಗಿಕೊಂಡ. ಅದೇ ಕೊನೆ ಮಾತು. ತಿಥಿಗೆ ಹೋಗಿ ಊಟ ಮಾಡಿ ಬಂದೆ. ಪಾಯಸ ನೀರಾಗಿತ್ತು.

ಈಗ ಹೊಸ ರೈಟರು ಬಂದಿದ್ದಾರೆ, ಹುಡುಗಿ. ಅವಳ ಹಾಳೆಯೂ ದಿನಕ್ಕೊಂದು ಥರ. ಬೆಳಿಗ್ಗೆ ಹೆಂಗಸರು ಬುಟ್ಟಿ ಇಳಿಸಿ ನಾನು ಓದುವವರೆಗೆ ಅಲ್ಲಾಡುವುದಿಲ್ಲ. ಒಂದೊಂದೇ ಅಕ್ಷರ ಕೂಡಿಸಿ ಓದುತ್ತೇನೆ. ಯಾರು ಕಲಿಸಿದ್ದು ಅಂತ ಹೊಸಬರು ಕೇಳಿದರೆ, ನನ್ನ ತಂಗಿಯನ್ನು ಕೊಂದವನು ಅನ್ನುತ್ತೇನೆ.