ಈಜುಕೊಳದ ಕಾಕಾ

ಮರಾಠಿ ನಾಡಿನಲ್ಲಿ, ವಾಕಡ ಎಂಬ ಬಡಾವಣೆಯ ಒಂದು ದೊಡ್ಡ ವಸತಿ ಸಂಕೀರ್ಣದ ಈಜುಕೊಳಕ್ಕೆ ತಿಂಗಳಿಗೊಮ್ಮೆ ಹೋಗಿ, ಬಾಟಲಿಯಲ್ಲಿ ನೀರು ಹಿಡಿದು ತಂದು, ಅದರಲ್ಲಿ ರೋಗ ತರುವ ಬ್ಯಾಕ್ಟೀರಿಯಾ ಇವೆಯೇ ಎಂದು ನೋಡುವುದು ನನ್ನ ಕೆಲಸವಾಗಿತ್ತು. ಕೊಳ ನೋಡಿಕೊಳ್ಳುತ್ತಿದ್ದವರು ಯಾದಗಿರಿ ಕಡೆಯವರು, ನನಗಿಂತ ಇಪ್ಪತ್ತು ವರ್ಷ ದೊಡ್ಡವರು. ಮೊದಲ ದಿನ ಕನ್ನಡದ ಧಾಟಿಯ ನನ್ನ ಮರಾಠಿ ಕೇಳಿದವರೇ "ನಮ್ ಕಡೆಯವ್ರೇ ಅದೀರಿ ಬಿಡ್ರಿ" ಎಂದು ನಕ್ಕರು. ಅಂದಿನಿಂದ ಅವರು ನನಗೆ ಕಾಕಾ.

ನಮ್ಮವರಿದ್ದಲ್ಲಿಗೆ ಹೇಳದೆ ಕೇಳದೆ ಹೋಗುವುದುಂಟೆ? ಹೊರಡುವ ಮುಂಚೆ ಫೋನ್ ಮಾಡುತ್ತಿದ್ದೆ. ತಪಾಸಣೆಗೆ ಹೋಗುವವಳು ಹಾಗೆ ಮಾಡಬಾರದು, ಅದು ನನಗೆ ಚೆನ್ನಾಗಿಯೇ ಗೊತ್ತಿತ್ತು. ಆದರೆ ಕಾಕಾ ತಮ್ಮ ಬುತ್ತಿಯಲ್ಲಿ ಒಂದು ಜೋಳದ ರೊಟ್ಟಿ, ಪುಂಡಿಪಲ್ಯ ನನಗೆಂದು ಹೆಚ್ಚಿಗೆ ಕಟ್ಟಿಸಿಕೊಂಡು ಬರುತ್ತಿದ್ದರು. ಅಷ್ಟು ಅಕ್ಕರೆಗೆ ನಾನು ಸೋತಿದ್ದೆ. ಪರೀಕ್ಷೆಯಲ್ಲಿ ಪ್ರತಿ ಸಲವೂ ನೀರು ಶುದ್ಧವೆಂದೇ ಬಂತು; ವರ್ಷವಿಡೀ ಹಾಗೆಯೇ ಬರೆದುಕೊಟ್ಟೆ.

ಬೇಸಿಗೆ ರಜೆಯಲ್ಲಿ ಅಲ್ಲಿ ಈಜುತ್ತಿದ್ದ ನಾಲ್ಕೈದು ಮಕ್ಕಳಿಗೆ ವಾಂತಿಭೇದಿ ಶುರುವಾಯಿತು. ಆರು ವರ್ಷದ ಒಬ್ಬ ಹುಡುಗಿಯನ್ನು ಆಸ್ಪತ್ರೆಗೆ ಸೇರಿಸಿದರು. ಸುದ್ದಿ ಕೇಳಿದ್ದೇ ನಾನು ಫೋನ್ ಮಾಡದೆ ಓಡಿದೆ. ನೀರು ಕಣ್ಣಿಗೆ ತಿಳಿಯಾಗಿಯೇ ಇತ್ತು; ಬಾಟಲಿಗೆ ಹಿಡಿದು ತಂದೆ. ಎರಡು ದಿನ ಬಿಟ್ಟು ಪ್ರಯೋಗಾಲಯದಲ್ಲಿ ಗಾಜಿನ ತಟ್ಟೆ ನೋಡಿದರೆ ಸಾಸಿವೆ ಚೆಲ್ಲಿದ ಹಾಗೆ ತುಂಬ ಬ್ಯಾಕ್ಟೀರಿಯಾದ ಚುಕ್ಕಿಗಳು. ಕೂಡಲೇ ಕೊಳಕ್ಕೆ ಹೋಗಿ ಕಾಕಾನನ್ನು ಕೇಳಿದೆ.

ಕಾಕಾ ಏನನ್ನೂ ಮುಚ್ಚಿಡಲಿಲ್ಲ.

"ನೀವ್ ಬರ್ತೀನಂತ ಫೋನ್ ಮಾಡಿದ್ ದಿನ ಕ್ಲೋರಿನ್ ಪುಡಿ ಬೇಕಾದಷ್ಟು ಬರೋಬರಿ ಹಾಕ್ತಿದ್ದೆ ರೀ ಅಕ್ಕಾರ. ಮಂದಿ ಬರ್ತಾರಂದ್ರ ಅಂಗಳ ಸಾರ್ಸೂದಿಲ್ಲೇನ್ರಿ? ಉಳದ ದಿನ ಸ್ವಲ್ಪೇ ಸ್ವಲ್ಪ. ಹುಡುಗ್ರ ಕಣ್ಣ ಭಾಳ ಉರೀತಾವಂತ ಅವರ ತಾಯಂದ್ರು ಬೈತಿದ್ರು."



ಮಾರನೆಯ ದಿನ ವರದಿ ಕೊಟ್ಟೆ. ಕೊಳ ಮುಚ್ಚಿದರು, ಕಾಕಾನನ್ನು ಕೆಲಸದಿಂದ ತೆಗೆದರು. ಕೊಳದ ಬಾಗಿಲಿಗೆ ಸೂಚನೆ ಅಂಟಿಸಲು ನಾನು ಹೋದಾಗ ಅವರು ಚೀಲ ಹಿಡಿದು ಗೇಟಿನ ಹತ್ತಿರ ನಿಂತಿದ್ದರು.

"ಆ ಕೂಸು ಆರಾಮ್ ಅದ ಅಲ್ರಿ?"

"ಹೌದು ಕಾಕಾ, ಮನೀಗೆ ಬಂದದ."

"ಪುಣ್ಯಾ ಆತ್ರಿ. ನೀವ್ ಮನಸಿಗೆ ಹಚ್ಕೋಬ್ಯಾಡ್ರಿ. ನಿಮ್ದೇನ್ ತಪ್ಪದ? ನಿಮ್ ಕೆಲಸ ನೀವ್ ಮಾಡೀರಿ."

ನಾನು ಹೌದೆಂದು ತಲೆಯಾಡಿಸಿ ಸೂಚನೆ ಅಂಟಿಸಿದೆ. ಪುಡಿ ಕಡಿಮೆ ಹಾಕಿದ್ದು, ಯಾರು, ಎಷ್ಟು ದಿನ, ಎಲ್ಲವನ್ನೂ ವರದಿಯಲ್ಲಿ ಬರೆದಿದ್ದೆ. ನಾನು ಫೋನ್ ಮಾಡುತ್ತಿದ್ದುದನ್ನು ಮಾತ್ರ ಬರೆದಿರಲಿಲ್ಲ.