ಅತ್ತಿ ನಾಲಿಗಿ, ಅಪ್ಪನ ಮೆಣಸಿನಕಾಯಿ

ಹೋದ ವಾರ ಗೀಜರ್ ಬದಲಿ ಮಾಡಾಕ ಮಿಸ್ತ್ರಿ ಬಂದಿದ್ದ. ಬಚ್ಚಲ ಗೂಡಿನಾಗಿನ ಹಳೇ ಸಾಮಾನೆಲ್ಲಾ ತಗೀರಿ ಅಂದ. ತಗ್ಯಾಕ ಹೋದರ ಮೂಲ್ಯಾಗ ಒಂದು ತಾಮ್ರದ ಪಟ್ಟಿ ಸಿಕ್ಕಿತು, ನಾಲಿಗಿ ಹೆರಕೊಳ್ಳೂ ಪಟ್ಟಿ. ಹಸರು ಕಿಲುಬು ಹಿಡದಿತ್ತು. ಕೈಯಾಗ ಹಿಡಕೊಂಡೆ, ಆ ಕಿಲುಬಿನ ವಾಸನಿ ಮೂಗಿಗೆ ಬಡೀತು ನೋಡ್ರಿ, ಅಂಗಾಲಿಂದ ನೆತ್ತಿ ತನಕ ಸಿಟ್ಟು ಏರಿತು. ಮಿಸ್ತ್ರಿ ನನ್ನ ಮಾರಿ ನೋಡಿ, "ಯಾಕ್ರಿ ಅಕ್ಕಾರ, ಕರೆಂಟ್ ಹೊಡೀತೇನು?" ಅಂತ ಕೇಳಿದ.

ಅದು ನಮ್ಮ ಅತ್ತೀದು, ಆಕಿ ದಿನಾ ಹೆರಕೊಳ್ಳತಿದ್ದದ್ದು. ಅತ್ತೀನ್ನ 'ಆಕಿ' ಅಂತ ಬರೀತಾಳಲ್ಲ ಅಂತ ನೀವು ಅಂದರೂ ಅನ್ರಿ. ಇಪ್ಪತ್ತು ವರ್ಷ ಮಾರಿ ಮುಂದ 'ನೀವು, ತಾವು' ಅಂದೀನಿ, ಬೆನ್ನ ಹಿಂದರ 'ಆಕಿ' ಅನ್ನೂ ಹಕ್ಕು ನಂದು.

ನನ್ನ ತವರು ಕುರ್ತಕೋಟಿ. ಕೊಟ್ಟದ್ದು ಬೆಟಗೇರಿಗೆ. ನಮ್ಮಪ್ಪ ಎರಿ ಹೊಲದಾಗ ಮೆಣಸಿನಕಾಯಿ ಬೆಳೀತಿದ್ದ. ಬ್ಯಾಡಗಿ ತಳಿ, ಬಣ್ಣಕ್ಕ ಹೆಸರಾದದ್ದು, ಖಾರಕ್ಕಲ್ಲ. ವರ್ಷಾ ಸುಗ್ಯಾಗ ಒಂದು ಚೀಲ ತುಂಬಿ, ಬಾಯಿ ಹೊಲದು, ಬಸ್ಸಿನ್ಯಾಗ ಹೊತಗೊಂಡು ಬಂದು ನಮ್ಮ ಪಡಸಾಲಿಗೆ ಇಳಸತಿದ್ದ. ಮಗಳ ಮನಿ ವರ್ಷದ ಖಾರ ತವರಿಂದ ಬರಬೇಕು ಅನ್ನೂದು ಅವನ ಹಟ. ಮಾತು ಕಡಿಮಿ ಅವನದು. ಆ ಚೀಲನ ಅವನ ಮಾತು ಅಂತ ನಾ ತಿಳಕೊಂಡಿದ್ದೆ.

ನಮ್ಮ ಮಾವ ತೀರಿದ ವರ್ಷ ಅತ್ತಿ ಕಾಶಿಗೆ ಹೋಗಿ ಬಂದ್ಲು. ಕಾಶಿಗೆ ಹೋದವರು ತಮಗ ಸೇರೂ ಒಂದು ಪದಾರ್ಥ ಅಲ್ಲೇ ಬಿಟ್ಟು ಬರಬೇಕು, ಮತ್ತ ಮುಟ್ಟಬಾರದು. ಜನಾ ಶ್ಯಾಣ್ಯಾರು, ಹಾಗಲಕಾಯಿ ಬಿಡತಾರ, ಕುಂಬಳಕಾಯಿ ಬಿಡತಾರ. ನಮ್ಮತ್ತಿ ಹಾಲು ಬಿಟ್ಟಳು. ಹಾಲಂದ್ರ ಬರೇ ಹಾಲಲ್ಲ, ಹಾಲಿನಿಂದ ಆಗೂದೆಲ್ಲಾ... ಮೊಸರು, ಮಜ್ಜಿಗಿ, ಬೆಣ್ಣಿ, ತುಪ್ಪ. ಗಟ್ಟಿ ಮೊಸರಿಲ್ಲದ ತುತ್ತು ಎತ್ತದಾಕಿ ಆಕಿ! ಮೊದಲ ದಿನ ಕರೀ ಚಹಾ ಕುಡಿಯೂವಾಗ ಆಕಿ ಮಾರಿ ನೋಡಿ, ನನ್ನಂಥಾಕೀಗೂ ಕರಳು ಚುರ್ ಅಂದಿತ್ತು. ಅದೊಂದು ಮಾತ್ರ ಖರೆ ಹೇಳತೀನಿ, ಕೊಟ್ಟ ಮಾತು ಆಕಿ ಮುರದಾಕಿ ಅಲ್ಲ.

ಕಾಶಿಯಿಂದ ಬಂದು ಐದಾರು ವರ್ಷ ಆಗಿರಬೇಕು, ಒಂದಿನ ಊಟಕ್ಕ ಕೂತಾಕಿ ತಾಟು ದೂಡಿದ್ಲು.

"ಏನ ಖಾರ ಸುರದಿಯವ್ವಾ ತಾಯಿ, ಬಾಯಿ ಅನ್ನೂದು ಹಂಚಾಗೇತಿ."

ನಾ ಮಾಡಿದ್ದು ದಿನದ ಸಾರು, ದಿನದ ಪಲ್ಯ. ಇರಲಿ ಅಂತ ಮರುದಿನ ಖಾರ ಅರ್ಧ ಮಾಡಿದೆ. ಉರಿ ಅಂದ್ಲು. ಚಿಟಿಕಿಗೆ ಇಳಿಸಿದೆ. ಉರಿ. ಕಡೀಕ ಆಕಿಗೊಂದು ಬ್ಯಾರೆ ಗಡಿಗ್ಯಾಗ ಖಾರ ಇಲ್ಲದ ಬ್ಯಾಳಿ ಕುದಿಸಿದೆ. ಅದೂ ಉರಿ! ಬಾಜೂ ಮನಿ ಅಕ್ಕನ್ನ ಕರದು, ಆಕಿ ಮುಂದ ಆ ಬ್ಯಾಳಿ ತಿನಿಸಿದೆ. "ಸಪ್ಪಗೈತಲ್ಲರಿ, ಉಪ್ಪೂ ಕಡಿಮಿ ಐತಿ" ಅಂತ ಆ ಅಕ್ಕ ಅಂದ್ಲು. ಅಂದು ಹೊರಗ ಹೋಗಿ, "ಖಾರ ಅಲ್ಲಂದ್ರ ಮತ್ತೇನು ಹಾಕ್ತಾಳೋ ಯಾವ ಬಲ್ಲ" ಅಂತ ಓಣಿಗೆಲ್ಲಾ ಹಂಚಿದ್ಲು. ಇಂಥಾ ಬಾಜೂದವರು ಇದ್ದರ ವೈರಿಗಳು ಯಾಕ ಬೇಕು?

ಒಬ್ಬಾಕಿ ಉಷ್ಣ ಅಂದ್ಲು, ತುಪ್ಪ ಹಚ್ಚಿಕೋ ಅಂದ್ಲು. ಅದು ವ್ರತಕ್ಕ ಬರೂದಿಲ್ಲ. ಇನ್ನೊಬ್ಬಾಕಿ ಒಣ ಕೊಬ್ಬರಿ ಅಗಿ ಅಂದ್ಲು, ಮತ್ತೊಬ್ಬಾಕಿ ಹೊಲಸು ಕೂತಿರತೈತಿ, ಹೆರಕೋ ಅಂದ್ಲು. ಹೆರಕೊಳ್ಳೂದು ಆಕಿಗೆ ಪಸಂದ ಬಿತ್ತು. ಬೆಳಗಾದರ ಬಚ್ಚಲದಾಗ ಕರಕರ ಅಂತ ಸಪ್ಪಳ, ಕ್ಯಾಕರಿಕಿ, ಆಮ್ಯಾಲೆ ನನ್ನ ಹೆಸರಿಲೆ ಶಾಪ. "ಕುರ್ತಕೋಟಿ ಖಾರ ನನ್ನ ಹೆಣ ಕೆಡವತೈತಿ" ಅಂತ ಕಟ್ಟಿ ಮ್ಯಾಲೆ ಕೂತು ಹೋಗೂ ಬರೂವರಿಗೆಲ್ಲಾ ಹೇಳೂದು. ನಮ್ಮನಿಯವರಿಗೆ ಹೇಳಿದರ "ಹಿರೇ ಜೀವ, ಬಿಟ್ಟಬಿಡು" ಅಂತಿದ್ರು. ಬಿಟ್ಟಬಿಡು ಅನ್ನಾಕ ಅವರದೇನು ಹೋಗತಿತ್ತು? ಹೋಗತಿದ್ದದ್ದು ನನ್ನ ಹೆಸರು.

ಆ ಸುಗ್ಯಾಗ ಅಪ್ಪ ಬಂದ.

ಚೀಲ ಹೆಗಲ ಮ್ಯಾಲಿತ್ತು. ಹೊಸ್ತಿಲಕ್ಕ ಕಾಲು ಇಡೂದರಾಗ ಅತ್ತಿ ಎದ್ದು ಅಡ್ಡ ನಿಂತ್ಲು. ಸೆರಗು ಹೊದ್ದುಕೊಂಡು ಬೀಗರ ಜೋಡಿ ಮಾತಾಡೂ ಪದ್ಧತಿಯಾಕಿ, ಅವತ್ತು ಓಣಿ ಜನರ ಮುಂದ ಬಾಯಿ ತಗದು ನಾಲಿಗಿ ಹೊರಗ ಚಾಚಿದ್ಲು. ಅಪ್ಪ ಗಾಬರಿಯಾಗಿ ಎರಡು ಹೆಜ್ಜಿ ಹಿಂದ ಸರದ.

"ನೋಡ್ರಿ ಬೀಗರ, ಕಣ್ತುಂಬ ನೋಡ್ರಿ. ನಿಮ್ಮ ಮೆಣಸಿನಕಾಯಿ ಮಾಡಿದ ಹಣೇಬಾರ ಇದು. ಈ ಚೀಲ ಒಳಗ ಬಂತಂದ್ರ ನಾ ಹೊರಗ."

ಅಪ್ಪ ನನ್ನ ಕಡೆ ನೋಡಿದ. ನನಗ ಬಾಯಿ ಬರಲಿಲ್ಲ... ಆವತ್ತು ಯಾಕ ಬಾಯಿ ಬರಲಿಲ್ಲ ಅಂತ ನನ್ನನ್ನ ನಾನ ಎಷ್ಟ ಸಲ ಬೈಕೊಂಡೀನಿ. ಅವ ಇಳಿಸದ ಚೀಲ ಹಂಗ ಹೊತಗೊಂಡು ತಿರುಗಿದ. ನೀರು ಕುಡಿ ಅಂತ ಚರಿಗಿ ಹಿಡಕೊಂಡು ಓಣಿ ತುದಿ ತನಕ ಓಡಿದೆ. "ಬಸ್ ಹೊಕ್ಕೈತವ್ವಾ" ಅಂದ, ಅಷ್ಟ.

ಆದರ ಆ ದಿನ ನಾನೂ ನೋಡಿದ್ದೆ. ಆರು ತಿಂಗಳು ಉರಿ ಉರಿ ಅಂದಾಕಿ ನಾಲಿಗಿ ನಾವ್ಯಾರೂ ಬೆಳಕಿನ್ಯಾಗ ನೋಡಿದ್ದಿಲ್ಲ. ನೋಡಿದರ ಅದು ಕೆಂಪಗ, ಸಿಪ್ಪಿ ಸುಲದ ಗಜ್ಜರಿ ಹಂಗ ನುಣ್ಣಗಿತ್ತು. ಖಾರ ತಿಂದವರ ನಾಲಿಗಿ ಹಂಗ ಇರೂದಿಲ್ಲ. ಮರುದಿನ ರಿಕ್ಷಾ ತರಿಸಿ ಆಕಿನ್ನ ಗದಗಿನ ಒಬ್ಬರು ಲೇಡಿ ಡಾಕ್ಟರ್ ಕಡೆ ಕರಕೊಂಡು ಹೋದೆ. ಮಾಯಾಕ್ಕಲ್ಲ, ಸಾಕ್ಷಿಗೆ. ಓದಿದವರೊಬ್ಬರು ಆಕಿ ಎದುರಿಗೆ 'ಇದು ಖಾರದ್ದಲ್ಲ' ಅನ್ನಲಿ ಅಂತ.

ಡಾಕ್ಟರ್ ಅರಿವಿ ತುಂಡಿಲೆ ನಾಲಿಗಿ ತುದಿ ಹಿಡದು ಎಡಕ್ಕ ಎಳದು ನೋಡಿದ್ರು, ಬಲಕ್ಕ ಎಳದು ನೋಡಿದ್ರು, ಮ್ಯಾಲೆ ಎತ್ತಿಸಿ ಅಡೀಗೂ ಬ್ಯಾಟರಿ ಬಿಟ್ಟು ಬೆರಳಿಲೆ ಒತ್ತಿದ್ರು. "ತಂಬಾಕು, ಹಲ್ಲಿಗೆ ತಿಕ್ಕೂ ಮಿಶ್ರಿ ಏನರ ಐತೇನ್ರಿ?" ಅಂದ್ರು. ಇಲ್ಲ ಅಂದ್ವಿ. "ಗಂಟಿಲ್ಲ, ಬಿಳೀ ಪೊರಿ ಇಲ್ಲ, ಛಲೋ ಆತು. ಮೂರು ವಾರ ಮಾಯದ ಹುಣ್ಣಿದ್ರ, ಬದಿಗೆ ಗಟ್ಟಿ ಗಂಟಿದ್ರ ನಾ ಬ್ಯಾರೆ ಮಾತು ಆಡತಿದ್ದೆ."

ಅತ್ತಿ ಸುಮ್ಮನಿರತಾಳ? "ಸೊಸಿ ಖಾರ ಹಾಕ್ತಾಳ್ರಿ" ಅಂದ್ಲು.

"ಖಾರ ಅನ್ನೂದು ರುಚೀನ ಅಲ್ಲವ್ವಾ, ಅದು ಉರಿ. ಸಿಹಿ, ಹುಳಿ, ಉಪ್ಪು, ಕಹಿ ಗುರುತು ಹಿಡ್ಯಾಕ ರುಚಿಮೊಗ್ಗು ಅದಾವು. ನಾಲಿಗಿ ತುಂಬ ಸಣ್ಣ ಸಣ್ಣ ಉಬ್ಬು, ಗುಬ್ಬಿ ಇರತಾವಲ್ಲ, ಅದಕ್ಕ ಅದು ಮುಟ್ಟಿದರ ಖರಬರ ಅಂತೈತಿ. ನಿಮ್ಮ ನಾಲಿಗ್ಯಾಗ ಆ ಗುಬ್ಬಿನ ಉಳದಿಲ್ಲ, ಬೋಳಾಗೇತಿ. ಬೋಳು ನಾಲಿಗಿಗೆ ಬರೇ ಅನ್ನಾನೂ ಉರೀತೈತಿ."

ಆಮ್ಯಾಲೆ ಕೇಳಿದ್ರು, ಕಾಲು ಜುಮುಗುಡತಾವೇನು, ನೆಲಾ ಮೆತ್ತಗ ಹತ್ತತೈತೇನು ಅಂತ. ಅತ್ತಿ ಮಾರಿ ಬಿಳುಚಿತು. ಹತ್ತಿ ಅರಳಿ ಮ್ಯಾಲೆ ನಡದಂಗ ಆಗತೈತಿ ಅಂತ ಆಕಿ ಯಾರಿಗೂ ಹೇಳಿದ್ದೇ ಇಲ್ಲ. "ಹಾಲು, ಮೊಸರು ಎಷ್ಟು ತಿಂತೀರಿ?" ಅಂದ್ರು. ನಾ ಕಾಶಿ ಕತಿ ಹೇಳಿದೆ.

ರಕ್ತ ತಪಾಸಣಿ ಆತು. ಬಿ ಟ್ವೆಲ್ವ್ ಅನ್ನೂ ಜೀವಸತ್ವ ತಳಾ ಮುಟ್ಟಿತ್ತು. ಅದು ಕಾಯಿಪಲ್ಯಾದಾಗ ಇರೂದಿಲ್ಲಂತ, ಮಾಂಸ ತತ್ತಿಯೊಳಗ, ಇಲ್ಲಂದ್ರ ಹಾಲು ಮೊಸರಿನ್ಯಾಗ. ನಮ್ಮನ್ಯಾಗ ಮಾಂಸ ತತ್ತಿ ಮಾತೇ ಇಲ್ಲ, ಹಾಲು ಕಾಶ್ಯಾಗ ಉಳೀತು. ಮೈಯಾಗ ಕೂಡಿಟ್ಟದ್ದು ಕರಗಾಕ ವರ್ಷಗಟ್ಟಲೆ ಹಿಡೀತೈತಿ, ಅದಕ್ಕ ಇಷ್ಟು ತಡಾ ಆತಂತ. "ನಾಲಿಗಿ ಮ್ಯಾಲಿನ ಪದರು ದಿನಾ ಸವದು ದಿನಾ ಹುಟ್ಟತೈತಿ. ಅದಕ್ಕ ರಕ್ತದಾಗ ಕೊರತಿ ಬಿದ್ದರ ಅಲ್ಲೇ ಜಲ್ದಿ ಕಾಣತೈತಿ" ಅಂದ್ರು. "ಮೊದಲ ಆ ಹೆರಕೊಳ್ಳೂದು ಬಿಡ್ರಿ."

ಹಾಲು ಕುಡೀರಿ ಅಂದರ ಅತ್ತಿ ಸತ್ತರೂ ಇಲ್ಲ ಅಂದ್ಲು. ಹಂಗಾದ್ರ ಸೂಜಿ ಅಂದ್ರು.

"ಸೂಜಿಯೊಳಗ ಹಾಲಿಲ್ಲಲ್ಲರಿ?"

"ಇಲ್ಲವ್ವಾ, ನನ್ನಾಣಿ ಇಲ್ಲ."

ಮೊದಲು ದಿನಾ ಬಿಟ್ಟು ದಿನಾ, ಆಮ್ಯಾಲೆ ವಾರಕ್ಕೊಮ್ಮೆ ಸೂಜಿ. ಪ್ರತಿ ಸಲ ಕರಕೊಂಡು ಹೋದಾಕಿ ನಾನು. ತಿಂಗಳೊಪ್ಪತ್ತಿನ್ಯಾಗ ಉರಿ ಇಳೀತು, ನಾಲಿಗಿ ಮ್ಯಾಲೆ ಮತ್ತ ಖರಬರ ಬಂತು. ಒಂದಿನ ಬಿಸಿ ರೊಟ್ಟಿಗೆ ಕೆಂಪಿಂಡಿ, ಕೆಂಪು ಮೆಣಸಿನಕಾಯಿ ಚಟ್ನಿ, ಕೇಳಿದ್ಲು. ಮೂರು ಸಲ ಹಾಕಿಸಿಕೊಂಡು ಬೆರಳು ಚೀಪಿದ್ಲು. ಕಟ್ಟಿ ಮ್ಯಾಲೆ ಏನು ಹೇಳತಾಳೋ ಅಂತ ನಾ ಬಾಗಲ ಹಿಂದ ನಿಂತು ಕೇಳಿದೆ, ಕದ್ದು ಕೇಳಿದೆ ಅಂತನ ತಿಳೀರಿ.

"ಈಗ ಆರಾಮ ಐತ್ರೆವ್ವಾ. ಕುರ್ತಕೋಟಿ ಚೀಲ ನಿಂದ್ರಿಸಿದೆ ನೋಡ್ರಿ, ಉರೀನೂ ನಿಂತಿತು."

ಆವತ್ತು ನಾ ಸುಮ್ಮನಿರಲಿಲ್ಲ. ಡಾಕ್ಟರ್ ಚೀಟಿ ಆಕಿ ಮಡಲಿಗೆ ಒಗದು, ಅಷ್ಟೂ ಹೆಂಗಸರ ಮುಂದ ಕೂಗ್ಯಾಡಿದೆ. ಅವರೆಲ್ಲಾ ಹಾಳಾಗಿ ಹೋಗಲಿ, ಅವರಿಗೇನೂ ಹೇಳಬ್ಯಾಡ, ನಮ್ಮಪ್ಪಗ ಒಂದ ಫೋನ್ ಮಾಡು, 'ನಿಮ್ಮ ಖಾರದ್ದಲ್ರಿ' ಅಂತ ಒಂದ ಮಾತು ಅನ್ನು ಅಂದೆ. 'ನೀವು' ಹೋಗಿ 'ನೀನು' ಬಂದಿತ್ತು ಬಾಯಾಗ.

ಆಕಿ ಚೀಟಿ ಮಡಚಿ ನನ್ನ ಕೈಗೆ ವಾಪಸ್ ಇಟ್ಲು. "ಗಂಡು ಹಡದಾಕಿ ನಾನು. ಹೆಣ್ಣು ಕೊಟ್ಟವರ ಮುಂದ ತಪ್ಪಾತು ಅನ್ನಬೇಕೇನ ನಾನು?"

ಇಷ್ಟ. ಮುಂದ ಎಷ್ಟೋ ವರ್ಷ ಒಂದ ಮನ್ಯಾಗ ಉಂಡ್ವಿ, ಮಲಗಿದ್ವಿ, ಸೂಜಿ ಮಾಡಿಸಿಕೊಂಡು ಬಂದ್ವಿ, ಆ ಮಾತು ಆಕಿ ಆಡಲಿಲ್ಲ. ಕಾಶಿಗೆ ಕೊಟ್ಟ ಮಾತು ಉಳಿಸಿಕೊಂಡ ಹಟಾನ ಇದಕ್ಕೂ ಇತ್ತು. ಕಡೀ ದಿನಗಳೊಳಗ ಆಕಿ ತಲಿದಿಂಬಿನ ಹತ್ರ ಕೂತು ಮತ್ತೊಮ್ಮೆ ಕೇಳಿದೆ. ಕಣ್ಣು ಮುಚ್ಚಿಕೊಂಡ್ಲು... ಕೇಳಿಸಿತೋ ಇಲ್ಲೋ. ಕೇಳಿಸಿತ್ತು ಅಂತನ ನನ್ನ ಲೆಕ್ಕ. ನಾಕು ವರ್ಷದ ಹಿಂದ ತೀರಿಕೊಂಡ್ಲು. ಮಣ್ಣಿಗೆ ಅಪ್ಪ ಬಂದಿದ್ದ, ಹೊಸ್ತಿಲ ಹೊರಗ ನಿಂತು ಹೊರಗಿಂದನ ಹೋದ.

ಮಿಸ್ತ್ರಿ ಹೋದ ಮ್ಯಾಲೆ ಅಪ್ಪಗ ಫೋನ್ ಹಚ್ಚಿದೆ. ಅವಗ ಈಗ ಎಂಬತ್ತರ ಹತ್ರ ಬಂತು. ಹಿತ್ತಲದಾಗ ಮನಿ ಪೂರ್ತೇಕ ನಾಕು ಸಾಲು ಮೆಣಸಿನಗಿಡ ಹಚ್ಚತಾನ, ಒಂದು ಕಾಯಿ ಸೈತ ಹೊರಗಿನವರಿಗೆ ಕೊಡೂದಿಲ್ಲ.

"ಅಪ್ಪಾ, ಈ ಸಲ ನಮಗೊಂದೀಟು ಮೆಣಸಿನಕಾಯಿ ತೊಗೊಂಡು ಬಾ."

"ಬ್ಯಾಡವ್ವಾ. ಒಂದು ಹಿರೇ ಜೀವದ ನಾಲಿಗಿ ಸುಟ್ಟ ಕಾಯಿ ಅವು."

ಹಿಂದ ಎಷ್ಟೋ ಸಲ ಹೇಳಿದ್ದನ್ನ ಮತ್ತ ಎಲ್ಲಾ ಬಿಡಿಸಿ ಹೇಳಿದೆ. ಗುಬ್ಬಿ, ರಕ್ತ, ಹಾಲು, ಸೂಜಿ. ಅವ ಪೂರಾ ಕೇಳಿದ.

"ನೀ ನನ್ನ ಮಗಳದಿ, ನೀ ಹಂಗ ಅನ್ನಾಕಿನ. ಬೀಗತಿ ಒಂದ ಮಾತು ಅಂದಿದ್ರ ಬ್ಯಾರೆ ಇತ್ತು" ಅಂದು ಫೋನ್ ಇಟ್ಟ.

ಆಕಿ ಸತ್ತಾಗ ನಾ ಅತ್ತಿದ್ದಿಲ್ಲ. ಅಪ್ಪ ಫೋನ್ ಇಟ್ಟ ಮ್ಯಾಲೆ ಅಡಗಿಮನ್ಯಾಗ ಕೂತು ಅತ್ತೆ. ಸಿಟ್ಟು ಹೋಗಿಲ್ಲ, ಹೋಗೂದೂ ಬ್ಯಾಡ. ಆದರ ಆಕಿ ನನಗ ಬೇಕಾಗಿತ್ತು. ಇವತ್ತು ಆಕಿ ಜೀವಂತ ಇದ್ದಿದ್ರ ರಟ್ಟಿ ಹಿಡದು ಎಳಕೊಂಡು, ಕುರ್ತಕೋಟಿ ಬಸ್ಸಿನ್ಯಾಗ ಕುಂಡ್ರಿಸಿ, ಅಪ್ಪನ ಮುಂದ ತಂದು ನಿಲ್ಲಸತಿದ್ದೆ. ಈಗ ನಾ ಯಾರನ್ನ ಎಳಕೊಂಡು ಹೋಗಲಿ?