ಟೆರಿಲಿನ್ನಿಗೆ ಇಟ್ಟ ಉಬ್ಬೆ

ಹೊಸದುರ್ಗಕ್ಕೆ ಟೆರಿಲಿನ್ ಬಂದ ಮೇಲೆ ಮಡಿವಾಳರ ಜಂಪಣ್ಣನಿಗೆ ಬಿಡುವೋ ಬಿಡುವು. ಗಳಿಗೆಯಲ್ಲಿ ಒಣಗುವ, ಇಸ್ತ್ರಿಯನ್ನೇ ಕೇಳದ ಆ ಅಂಗಿಗಳನ್ನು ಊರಿನ ದೊಡ್ಡವರು ತಮ್ಮ ಬಚ್ಚಲಲ್ಲೇ ಹಿಂಡಿಕೊಳ್ಳತೊಡಗಿದರು. ಸವಳು ಮಣ್ಣು ಕದಡಿದ ನೀರಿಗೆ ಅದ್ದಿದ ಬಟ್ಟೆಯನ್ನು ಹಬೆಯಲ್ಲಿ ಬೇಯಿಸುತ್ತಿದ್ದ ಅವನ ಉಬ್ಬೆಯ ಒಲೆಯಲ್ಲಿ ಬೆಕ್ಕು ಮರಿ ಹಾಕಿತ್ತು. ಹೀಗೇ ಇನ್ನೊಂದು ವರ್ಷ ಕಳೆದರೆ ಕಸುಬು ಬಿಡುವುದೇ ಸರಿ ಎಂದುಕೊಂಡಿದ್ದ.

ಹಾಗೆಂದು ಟೆರಿಲಿನ್ ತೊಟ್ಟವರು ಸುಖಪಟ್ಟರೆಂದಲ್ಲ. ಕೊಬ್ಬರಿ ಮಂಡಿಯ ಗುಮಾಸ್ತ ಮೂರ್ತಪ್ಪನವರ ಅಂಗಿ ಒಂದು ಹನಿ ಬೆವರನ್ನೂ ಕುಡಿಯುತ್ತಿರಲಿಲ್ಲ. ಅವರು ಒಳಗೆ ಬೇಯುತ್ತ ಹೊರಗೆ ಮಿರಮಿರನೆ ಮಿಂಚುತ್ತಿದ್ದರು. ಗೌರವವೆಂದರೆ ಸುಮ್ಮನೆ ಬರುತ್ತದೆಯೇ!

ಕಾಲರಿಗೆ ಹತ್ತಿದ ಕೊಬ್ಬರಿ ಎಣ್ಣೆ ಬಿಡದೆ, ಆ ಅಂಗಿ ಕೊನೆಗೆ ಜಂಪಣ್ಣನ ಬಳಿಗೆ ಬಂತು. ಅವನಿಗೆ ಗೊತ್ತಿದ್ದ ಮದ್ದು ಒಂದೇ, ಉಬ್ಬೆ. ಬೆಕ್ಕನ್ನೂ ಮರಿಗಳನ್ನೂ ಒಲೆಯ ಪಕ್ಕದ ಮೂಲೆಗೆ ಸರಿಸಿ, ಸವಳಿನ ಬದಲು ಕಾಸ್ಟಿಕ್ ಸೋಡ ಹಾಕಿ ಬೇಯಿಸಿದ. ತೆಗೆದು ನೋಡಿದರೆ ಹೊಳಪು ಮಾಯ, ತೂಕ ಕಡಿಮೆ. ಅಂಗಿ ರೇಷ್ಮೆಯಂತೆ ಜೋಲುತ್ತಿತ್ತು.

"ಗುಮಾಸ್ತ್ರ ಅಂಗೀನ ಬೇಯ್ಸಿ ಬಸ್ದೆಯಲ್ಲ ಮಾರಾಯ, ಇನ್ನು ಹುಳಿ ಹಿಂಡು, ಸಾರಾಗ್ತೈತೆ" ಎಂದಳು ಹೆಂಡತಿ ಜಯಕ್ಕ.

ಮೂರ್ತಪ್ಪನವರು ಕೆಂಡವಾದರು. "ಲೇ ಜಂಪ, ಹೊಳಪೆಲ್ಲ ತಿಂದೇನ್ಲೇ?"

"ತಿಂದಿದ್ದು ಸೋಡ, ಸ್ವಾಮಿ. ಒಂದ್ಸಲ ತೊಟ್ಕಂಡು ನೋಡ್ರಿ."

ತೊಟ್ಟರು. ಬೆವರು ಬಟ್ಟೆಗಿಳಿಯಿತು, ಮೈಗೆ ಗಾಳಿ ತಾಗಿತು. ಸೋಡವು ಎಳೆಯ ಮೇಲ್ಪದರವನ್ನು ಸವೆಸಿ, ನೀರೊಲ್ಲದ ನೂಲಿಗೆ ನೀರಿನ ರುಚಿ ಹತ್ತಿಸಿತ್ತು. ವಿಜ್ಞಾನಿಗಳು ಇದಕ್ಕೆ ಉದ್ದದ ಹೆಸರಿಟ್ಟಿದ್ದಾರೆ. ಜಂಪಣ್ಣ "ಸಿಪ್ಪೆ ಸುಲಿಯೋದು" ಎಂದ. ಮೂರ್ತಪ್ಪನವರಂತೂ ಅದು ತಮ್ಮದೇ ಸಂಶೋಧನೆಯೆಂದು ಮಂಡಿಯಲ್ಲೆಲ್ಲ ಸಾರಿದರು. ವಾರದೊಳಗೆ ಮಂಡಿಯ ಟೆರಿಲಿನ್ನೆಲ್ಲ ಉಬ್ಬೆಗೆ ಬಂತು.

ಮಹಾನುಭಾವ ಮೂರ್ತಪ್ಪನವರಿಗೆ ಅಷ್ಟಕ್ಕೆ ತೃಪ್ತಿಯಿಲ್ಲ. "ಗಾಳಿ ಸಾಲದು, ಇನ್ನೂ ಎರಡು ಉಬ್ಬೆ ಇಡು."

"ಬ್ಯಾಡ್ರಿ ಸ್ವಾಮಿ, ಸಿಪ್ಪೆ ಮುಗ್ದು ತಿರುಳಿಗೆ ಬಂದೈತೆ. ಆಮ್ಯಾಲೆ ಗುಂಡಿ ಅಷ್ಟೇ ಉಳೀತವೆ."

"ನೀನೇನು ಇಂಜಿನಿಯರೇನ್ಲೇ?"

ಅಲ್ಲವಲ್ಲ, ಇಟ್ಟುಕೊಟ್ಟ.

ಮರುವಾರ ಹಿರಿಯೂರಿನ ವರ್ತಕರೆದುರು ಮೂರ್ತಪ್ಪನವರು ತಕ್ಕಡಿಯ ಮುಳ್ಳು ತೋರಿಸಲು ಕೈಯೆತ್ತಿದರು. ಅಂಗಿ ಕತ್ತಿನಿಂದ ಸೊಂಟದವರೆಗೆ ಪರ್ರನೆ ಹರಿಯಿತು. ಗಾಳಿ ಈಗ ಧಾರಾಳವಾಗಿ ಬಂತು. ಇದನ್ನು ಕಂಡ ಮಂಡಿಯವರೆಲ್ಲ ತಮ್ಮ ತಮ್ಮ ಬೆನ್ನು ಮುಟ್ಟಿ ನೋಡಿಕೊಂಡರು.

ಮರುದಿನ ಮೂರ್ತಪ್ಪನವರು ಆರು ಹತ್ತಿ ಅಂಗಿಗಳನ್ನು ತಾವೇ ಹೊತ್ತು ತಂದರು. "ಜಂಪಣ್ಣಾ, ಇವು ಎಷ್ಟು ಉಬ್ಬೆ ತಡೀತವಪ್ಪ?"

"ನಿಮ್ ನೌಕ್ರಿ ಮುಗಿಯೋಗಂಟ ತಡೀತವೆ. ಕುಂತ್ಕಳ್ರಿ" ಎಂದು ಜಂಪಣ್ಣ ಒಲೆಗೆ ಸೌದೆ ತುಂಬಿದ. ಇನ್ನು ಈ ಒಲೆ ಆರುವುದಿಲ್ಲವೆಂದು ತಿಳಿದಂತೆ, ಬೆಕ್ಕು ಮೂಲೆಯಲ್ಲಿದ್ದ ಮರಿಗಳನ್ನು ಕಚ್ಚಿಕೊಂಡು ಅಟ್ಟ ಹತ್ತಿತು.